ಚಂಡ, ನಿಷ್ಠುರ ಮತ್ತು ಬಳೆಗಾರರ ಗುಂಡು

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಜಟಾಯುವಿನಿಂದ ಹೆಸರು ಬಂತು ಎನ್ನುತ್ತಾರೆ. ರಾವಣ ರೆಕ್ಕೆ ಕಡಿದಾಗ ಆ ಹಕ್ಕಿ ಬಿದ್ದದ್ದು ಇಲ್ಲಿಯೇ ಎಂಬುದು ನಂಬಿಕೆ. ಗುಡಿಯ ಬಳಿ ಅಶೋಕನ ಶಾಸನವಿರುವ ಬಂಡೆಗೆ ‘ಬಳೆಗಾರರ ಗುಂಡು’ ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ. 1892ರಲ್ಲಿ ಬಿ.ಎಲ್. ರೈಸ್ ಈ ಶಾಸನವನ್ನು ಬೆಳಕಿಗೆ ತಂದರು. ಅಕ್ಷರಗಳು ತುಂಬ ಸವೆದಿವೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಪ್ರತಿಗಳ ನೆರವಿನಿಂದಲೇ ಇದನ್ನು ಓದಿಕೊಳ್ಳಬೇಕು.

ನಾನು ಈ ಬೆಟ್ಟ ಹತ್ತಿದಾಗ ಮನಸ್ಸಿನಲ್ಲಿ ಇದ್ದದ್ದು ‘ಚಂಡಾಶೋಕ’ ಎಂಬ ಹೆಸರು. ಚಂಡ ಎಂದರೆ ಉಗ್ರ, ಕಡುಕ್ರೂರ. ಆದರೆ ಅದು ಅಶೋಕ ಇಟ್ಟುಕೊಂಡ ಹೆಸರಲ್ಲ, ಕೆಲವು ಶತಮಾನಗಳ ನಂತರ ಬೌದ್ಧ ಕಥೆಗಾರರು ಕೊಟ್ಟದ್ದು. ಬಂಡೆಯ ಮೇಲಿರುವುದು ಸರಳವಾದ ಮಾತುಗಳು: ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು.

ಹಾಗಾದರೆ ಅಶೋಕ ‘ಚಂಡ’ ಪದವನ್ನು ಬಳಸಲೇ ಇಲ್ಲವೇ? ಬಳಸಿದ್ದಾನೆ. ಉತ್ತರ ಭಾರತದ ಸ್ತಂಭಗಳಲ್ಲಿರುವ ಮೂರನೆಯ ಶಾಸನದಲ್ಲಿ ಪಾಪಕ್ಕೆ ಎಳೆಯುವ ಐದು ಗುಣಗಳ ಪಟ್ಟಿಯಿದೆ: ಚಂಡತನ, ನಿಷ್ಠುರತೆ, ಕೋಪ, ಗರ್ವ, ಅಸೂಯೆ. ಮೊದಲಿನ ಎರಡೂ ಕ್ರೌರ್ಯದ ಪದಗಳೇ.

ನನ್ನನ್ನು ಹೆಚ್ಚು ಕಾಡಿದ್ದು ಕಳಿಂಗದ ಶಾಸನ. ಒಂದು ಲಕ್ಷ ಜನ ಸತ್ತ ಯುದ್ಧದ ವೃತ್ತಾಂತವನ್ನು ಅಶೋಕ ಬೇರೆಡೆ ಕೆತ್ತಿಸಿದ, ಕಳಿಂಗದಲ್ಲಿ ಮಾತ್ರ ಬಿಟ್ಟ. ಧೌಳಿ, ಜೌಗಡಗಳಲ್ಲಿ ಅದರ ಬದಲು ನ್ಯಾಯ ವಿಚಾರಿಸುವ ಅಧಿಕಾರಿಗಳಿಗೆ ಆಜ್ಞೆಯಿದೆ. ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ಕೊಳೆಯಬಾರದು ಎನ್ನುವ ಆ ಆಜ್ಞೆ, ನ್ಯಾಯ ತಪ್ಪುವುದೇಕೆ ಎಂದೂ ಹೇಳುತ್ತದೆ: ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಅಧಿಕಾರಿ ‘ಅಚಂಡ’ನಾಗಿರಬೇಕು. ಈ ಆಜ್ಞೆಯ ಒಂದು ಪ್ರತಿ ನಮ್ಮಲ್ಲೂ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿ ಕುಸಿದಾಗ ಸಿಕ್ಕ ಕಲ್ಲಿನ ಮೇಲೆ ಅದರ ಭಾಗಗಳು ಉಳಿದಿವೆ.

ಯುದ್ಧ ಮಾಡಿದವನೇ ಕ್ರೌರ್ಯವನ್ನು ಸೋಮಾರಿತನ, ದಣಿವುಗಳ ಸಾಲಿನಲ್ಲಿ ಕೂರಿಸಿದ್ದಾನೆ. ಕತ್ತಿ ಹಿಡಿದವನಷ್ಟೇ ಅಲ್ಲ, ಬೇಸತ್ತು ಕಡತ ಮುಚ್ಚಿದವನೂ ಕ್ರೂರನಾಗಬಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಈ ಎರಡು ಪದಗಳೂ ಕನ್ನಡದಲ್ಲಿವೆ, ಅರ್ಥ ಮಾತ್ರ ಬಳೆಗಾರರ ಗುಂಡಿನ ಅಕ್ಷರಗಳಂತೆ ಸವೆದಿದೆ. ಹಟ ಮಾಡುವ ಮಗು ‘ಚಂಡಿ’ ಹಿಡಿಯುತ್ತದೆ. ಗೆದ್ದ ಪಕ್ಷಕ್ಕೆ ‘ಪ್ರಚಂಡ’ ಬಹುಮತ ಬರುತ್ತದೆ. ‘ಸುಮ್ಮನೆ ಯಾಕೆ ನಿಷ್ಠುರ ಕಟ್ಟಿಕೊಳ್ತೀಯ’ ಎಂದು ಮನೆಯ ಹಿರಿಯರು ಬುದ್ಧಿ ಹೇಳುತ್ತಾರೆ. ‘ನಿಷ್ಠುರ ಅಧಿಕಾರಿ’ ಎಂಬುದಂತೂ ಈಗ ಹೊಗಳಿಕೆ.

ಪದಗಳು ಅರ್ಥ ಬದಲಿಸುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಯಾರಿಗೂ ಮುಲಾಜು ನೋಡದವನನ್ನು ನಿಷ್ಠುರ ಎಂದು ಮೆಚ್ಚೋಣ. ಆದರೆ ಆ ನಿಷ್ಠುರತೆ ಬಲವಿದ್ದವರ ಎದುರೋ, ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರ ಎದುರೋ ಎಂದು ಒಮ್ಮೆ ನೋಡಬೇಕು. ಎರಡನೆಯದಾದರೆ, ಆ ಪದಕ್ಕೆ ಅಶೋಕನ ಕಾಲದ ಅರ್ಥ ಇನ್ನೂ ಉಳಿದಿದೆ.