ತುರಚಿ, ನಸುಗುನ್ನಿ: ಗುರುತು ಮತ್ತು ಚಿಕಿತ್ಸೆ

ಹಿಮಾಲಯದ ತಂಪಿಗೆ ಒಗ್ಗಿದ ಚುಚ್ಚುಗಿಡ ಉರ್ಟಿಕಾ ಡಯೋಯಿಕಾ ಬೀದರ್ ಬಯಲಿನದಲ್ಲ. ಬೀದರ್, ಭಾಲ್ಕಿ, ಔರಾದ್‌ನಂಥ ಒಣಸೀಮೆಯ ಬೇಲಿ, ಕುರುಚಲುಗಳಲ್ಲಿ ಎಚ್ಚರ ಬೇಕಾದದ್ದು ತುರಚಿ (ಟ್ರೇಜಿಯಾ) ಮತ್ತು ನಸುಗುನ್ನಿ (ಮುಕುನಾ ಪ್ರೂರಿಯೆನ್ಸ್) ಬಳ್ಳಿಗಳ ಬಗ್ಗೆ.

ತುರಚಿಯ ರೋಮದ ತುದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳಿದೆ. ಸೋಕಿದೊಡನೆ ಉರಿ, ಕೆಂಪು ದದ್ದು. ನಸುಗುನ್ನಿಯದು ಇನ್ನೂ ಕಾಡುವ ಬಾಧೆ. ಮೂರೆಲೆಯ ಬಳ್ಳಿ, ನೇರಳೆ ಹೂ, ಬಾಗಿದ ಕಾಯಿಯ ಮೈತುಂಬ ಹೊಂಗಂದು ರೋಮ. ಕಾಯಿ ಒಣಗಿದ ಮೇಲೆ ಇವು ಗಾಳಿಗೆ ಹಾರಿ ಕುತ್ತಿಗೆ, ಮೊಣಕೈ, ಬಟ್ಟೆಯ ಮಡಿಕೆಗಳಲ್ಲಿ ಕೂರುತ್ತವೆ; ಬಳ್ಳಿ ಮುಟ್ಟದವರಿಗೂ ತುರಿಕೆ ಹತ್ತುತ್ತದೆ. ಇದಕ್ಕೆ ಕಾರಣ ಮ್ಯೂಕುನೇನ್ ಎಂಬ ಕಿಣ್ವ. ಈ ತುರಿಕೆ ಬಹುಪಾಲು ಹಿಸ್ಟಮಿನ್ ಮೂಲಕ ನಡೆಯದ್ದರಿಂದ ಅಲರ್ಜಿ ಮಾತ್ರೆಯೊಂದನ್ನೇ ನಂಬಬಾರದು, ರೋಮ ತೆಗೆಯುವುದೇ ಮೊದಲ ಮದ್ದು.

ಉಜ್ಜಬೇಡಿ, ತುರಿಸಬೇಡಿ. ಅಂಟುಪಟ್ಟಿಯನ್ನು ಚರ್ಮದ ಮೇಲೆ ಹಗುರಾಗಿ ಒತ್ತಿ ಎತ್ತಿದರೆ ರೋಮ ಅಂಟಿಕೊಂಡು ಬರುತ್ತದೆ. ನಂತರ ಸೋಪು ಹಾಕಿ, ಧಾರಾಳ ನೀರು ಸುರಿದು ತೊಳೆಯಿರಿ; ತಣ್ಣೀರ ಬಟ್ಟೆ ಇಟ್ಟು ಕ್ಯಾಲಮೈನ್ ಲೇಪಿಸಿ. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕೆರೆದು ಗಾಯವಾದ ಚರ್ಮಕ್ಕೆ ಸಗಣಿ, ಮಣ್ಣು ಬಳಿಯುವುದು ಸೋಂಕಿಗೆ ದಾರಿ.

ಕಾಂಗ್ರೆಸ್ ಗಿಡದ (ಪಾರ್ಥೇನಿಯಂ) ಅಲರ್ಜಿ ಇದಲ್ಲ: ಅದು ನಿಧಾನವಾಗಿ ಮುಖ, ರೆಪ್ಪೆ, ಕುತ್ತಿಗೆಯ ಚರ್ಮವನ್ನು ದಪ್ಪಗಾಗಿಸಿ ಮತ್ತೆ ಮತ್ತೆ ಮರಳುತ್ತದೆ, ಚರ್ಮವೈದ್ಯರಿಗೆ ತೋರಿಸಬೇಕು.

ರೋಮ ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ತೊಳೆಯುತ್ತಾ ಆಸ್ಪತ್ರೆಗೆ ಒಯ್ಯಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ.