ಥುರಯ್ಯಾ ಮರೆಯಾಗುವ ದಿನಗಳು: ಫಹಾಹೀಲಿನ ಮಳೆಲೆಕ್ಕದ ಬಗ್ಗೆ ಒಂದು ಟಿಪ್ಪಣಿ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಹೆಚ್ಚುಕಡಿಮೆ ನಲವತ್ತು ದಿನ, ಕುವೈತಿನ ಫಹಾಹೀಲ್ ಊರಿನ ಆಕಾಶದಲ್ಲಿ ಥುರಯ್ಯಾ ಕಾಣುವುದಿಲ್ಲ. ಸೂರ್ಯ ಅದರ ಹತ್ತಿರ ಬಂದಿರುತ್ತಾನೆ, ಅದು ಅವನ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಥುರಯ್ಯಾ ಎಂದರೆ ನಮ್ಮ ಕೃತ್ತಿಕೆ. ನಮ್ಮ ಪಂಚಾಂಗದಲ್ಲಿ ಮೇ 11ರ ಸುಮಾರಿಗೆ ಕೃತ್ತಿಕೆ ಮಳೆ ಹುಟ್ಟುವುದೂ ಇದೇ ಕಾರಣಕ್ಕೆ: ಸೂರ್ಯ ಆ ನಕ್ಷತ್ರವನ್ನು ಪ್ರವೇಶಿಸಿರುತ್ತಾನೆ. ಅರಬರು ನಕ್ಷತ್ರ ಮತ್ತೆ ನಸುಕಿನಲ್ಲಿ ಕಾಣುವ ದಿನದಿಂದ ಲೆಕ್ಕ ಹಿಡಿದರು, ನಾವು ಸೂರ್ಯ ಅದರೊಳಗೆ ಕಾಲಿಟ್ಟ ದಿನದಿಂದ ಹಿಡಿದೆವು. ಹೀಗಾಗಿ ಕುವೈತಿನಲ್ಲಿ ಥುರಯ್ಯಾ ಮರಳಿ ಕಾಣುವ ಜೂನ್ 7ರ ಆಸುಪಾಸಿನಲ್ಲೇ ಕರ್ನಾಟಕದಲ್ಲಿ ಮೃಗಶಿರ ಮಳೆ ಹುಟ್ಟುತ್ತದೆ. ಅಲ್ಲಿ ಅದು ಸುಡುಬಿಸಿಲಿನ ಆರಂಭ, ಇಲ್ಲಿ ಮುಂಗಾರಿನದು. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಕೂಡ ಇದೇ ನಲವತ್ತು ದಿನಗಳನ್ನು ಬೇಸಾಯದ ಲೆಕ್ಕಕ್ಕೆ ಸೇರಿಸಿದ್ದಾನೆ.

ಎರಡೂ ಪದ್ಧತಿಗಳ ಅಳತೆಗೋಲು ಆಶ್ಚರ್ಯವಾಗುವಷ್ಟು ಹತ್ತಿರ. ನಮ್ಮಲ್ಲಿ 27 ನಕ್ಷತ್ರಗಳು, ಪ್ರತಿ ಮಳೆಗೆ ಹದಿಮೂರು ಹದಿನಾಲ್ಕು ದಿನ. ಅರಬರಲ್ಲಿ ಚಂದ್ರನ ಮನೆಗಳು 28, ಒಂದೊಂದಕ್ಕೆ ಹದಿಮೂರು ದಿನ. ಅಕ್ಟೋಬರ್ 16ರ ಹೊತ್ತಿಗೆ ಆರಂಭವಾಗುವ ‘ವಸ್ಮ್’ ಇಂಥ ನಾಲ್ಕು ಮನೆಗಳ 52 ದಿನದ ಕಾಲ. ಆಗ ಬಿದ್ದ ಮಳೆಯಿಂದಲೇ ಮರುಭೂಮಿಯಲ್ಲಿ ಹುಲ್ಲು ಚಿಗುರುತ್ತದೆ, ನೆಲದಡಿಯ ಅಣಬೆ ಬಲಿಯುತ್ತದೆ. ಈ ಲೆಕ್ಕವನ್ನು ನಮ್ಮ ಕಾಲದಲ್ಲಿ ಮನೆಮನೆಗೆ ಮುಟ್ಟಿಸಿದವರು 1920ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಖಗೋಳಜ್ಞ ಸಾಲಿಹ್ ಅಲ್ ಉಜೈರಿ. ಅವರ ಹೆಸರಿನ ಕ್ಯಾಲೆಂಡರ್ ಕುವೈತಿನ ಗೋಡೆಗಳಲ್ಲಿ ನಮ್ಮ ಒಂಟಿಕೊಪ್ಪಲ್ ಪಂಚಾಂಗದಷ್ಟೇ ಸಹಜವಾಗಿ ತೂಗುತ್ತದೆ.

ಲೆಕ್ಕ ಒಂದೇ ಆದರೂ, ಲೆಕ್ಕದಿಂದ ಏನನ್ನು ಹೇಳಬಹುದು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ಇಸ್ಲಾಮಿಗೆ ಮೊದಲಿನ ಅರಬರು ಇಂಥ ನಕ್ಷತ್ರದಿಂದ ನಮಗೆ ಮಳೆಯಾಯಿತು ಎನ್ನುತ್ತಿದ್ದರು. ಕ್ರಿ.ಶ. 628ರಲ್ಲಿ ಮಕ್ಕಾದ ಹತ್ತಿರದ ಹುದೈಬಿಯಾದಲ್ಲಿ ರಾತ್ರಿ ಮಳೆ ಬಿದ್ದ ಮರುಬೆಳಗ್ಗೆ ಪ್ರವಾದಿಯವರು ಹೇಳಿದ ಮಾತು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿವಚನ) ಸಂಗ್ರಹಗಳಲ್ಲಿದೆ. ಅದರ ಸಾರ ಇಷ್ಟು: ದೇವರ ಕೃಪೆಯಿಂದ ಮಳೆಯಾಯಿತು ಎಂದವನು ದೇವರನ್ನು ನಂಬಿದವನು, ನಕ್ಷತ್ರದಿಂದ ಆಯಿತು ಎಂದವನು ನಕ್ಷತ್ರವನ್ನು ನಂಬಿದವನು. ಇದಾದ ಮೇಲೆ ನಕ್ಷತ್ರದ ಲೆಕ್ಕ ಅಳಿಯಬೇಕಿತ್ತು. ಅಳಿಯಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಇಬ್ನ್ ಕುತೈಬಾ ಈ ಮಳೆನಕ್ಷತ್ರಗಳ ಮೇಲೆಯೇ ಒಂದು ಗ್ರಂಥ ಬರೆದ. ಪಂಡಿತರು ಕಂಡುಕೊಂಡ ದಾರಿ ಸರಳ: ಆ ನಕ್ಷತ್ರದ ಹೊತ್ತಿನಲ್ಲಿ ಮಳೆಯಾಯಿತು ಎನ್ನಬಹುದು, ಆ ನಕ್ಷತ್ರದಿಂದ ಆಯಿತು ಎನ್ನಬಾರದು. ಕಾಲದ ಲೆಕ್ಕ ಮನುಷ್ಯನ ಕೈಯಲ್ಲುಳಿಯಿತು, ಕಾರಣ ಮೇಲಕ್ಕೆ ಹೋಯಿತು. ಬೈಬಲ್ಲಿನ ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು ಯೋಬನಿಗೆ ಸವಾಲು ಹಾಕುವುದೂ ಇದೇ ಕೃತ್ತಿಕೆಯನ್ನು ಮುಂದಿಟ್ಟುಕೊಂಡು. ಅದನ್ನು ಕಟ್ಟಿಹಾಕುವ ಶಕ್ತಿ ನಿನಗಿದೆಯೇ ಎಂಬುದು ಅಲ್ಲಿನ ಪ್ರಶ್ನೆ. ಅದು ಯಾವಾಗ ಹುಟ್ಟುತ್ತದೆ ಗೊತ್ತೇ ಎಂದಲ್ಲ.

ಕನ್ನಡದಲ್ಲಿ ಇಂಥ ನಿಷೇಧ ಯಾವತ್ತೂ ಇರಲಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂದು ರೈತ ನಿಶ್ಚಿಂತೆಯಿಂದ ಹೇಳುತ್ತಾನೆ. ಹಾಗೆಂದು ಅವನು ಮಳೆಯ ಒಡೆತನವನ್ನು ನಕ್ಷತ್ರಕ್ಕೆ ಬರೆದುಕೊಟ್ಟಿದ್ದಾನೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸಾಕ್ಷಿ ಆಚರಣೆಯಲ್ಲಿದೆ. ಆರಿದ್ರಾ ಕೈಕೊಟ್ಟಿತೆಂದು ಆರಿದ್ರೆಗೇ ಹರಕೆ ಹೊತ್ತವರನ್ನು ನಾನು ಕಂಡಿಲ್ಲ. ಉತ್ತರ ಕರ್ನಾಟಕದಲ್ಲಿ ಗುರ್ಜಿ ಆಡುತ್ತಾರೆ: ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ, ಹೊತ್ತವನು ಮನೆಮನೆಯ ಮುಂದೆ ಗಿರಗಿರ ತಿರುಗುವಾಗ ಹೆಂಗಸರು ತಲೆಯ ಮೇಲೆ ಕೊಡ ನೀರು ಸುರಿಯುತ್ತಾರೆ. ಹಳೆಯ ಮೈಸೂರಿನ ಕಡೆ ಮಳೆರಾಯನನ್ನು ಹೊರುತ್ತಾರೆ. ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ನಡೆಯುತ್ತದೆ. ಮೊರೆಯೆಲ್ಲ ದೈವಕ್ಕೆ, ನಕ್ಷತ್ರ ಬರೀ ವಾಯಿದೆಯ ದಿನ. ಹುದೈಬಿಯಾದ ತೀರ್ಮಾನಕ್ಕೆ ನಮ್ಮ ರೈತ ಯಾವ ಶಾಸ್ತ್ರವೂ ಇಲ್ಲದೆ ತಲುಪಿದ್ದಾನೆ.

ಕುವೈತಿನಲ್ಲಿ ಮಳೆ ತಡವಾದ ಚಳಿಗಾಲಗಳಲ್ಲಿ ಧಾರ್ಮಿಕ ವ್ಯವಹಾರಗಳ ಔಕಾಫ್ ಸಚಿವಾಲಯ ಮಳೆ ಬೇಡುವ ಇಸ್ತಿಸ್ಕಾ ನಮಾಜಿಗೆ ಕರೆ ಕೊಡುತ್ತದೆ. ಎರಡು ರಕಅತ್ (ನಮಾಜಿನ ಆವೃತ್ತಿ), ಪ್ರವಚನ, ನಡುವೆ ಹೊದ್ದ ವಸ್ತ್ರವನ್ನು ತಿರುವಿಹಾಕಿಕೊಳ್ಳುವ ಪದ್ಧತಿ. ಹದೀಸ್‌ಗಳಲ್ಲಿ ಇದರ ಜೊತೆಗೇ ಬರುವ ಪ್ರಸಂಗ ಇನ್ನೂ ಕುತೂಹಲದ್ದು. ಪ್ರವಾದಿಯವರ ಶುಕ್ರವಾರದ ಪ್ರವಚನದ ನಡುವೆ ಒಬ್ಬ ಬಂದು ದನಕರು ಸಾಯುತ್ತಿವೆ, ಮಳೆ ಬೇಡಿ ಎಂದ. ಮಳೆ ಬಂತು, ವಾರವಿಡೀ ನಿಲ್ಲಲಿಲ್ಲ. ಮುಂದಿನ ಶುಕ್ರವಾರ ಮತ್ತೆ ದೂರು ಬಂತು, ಈ ಸಲ ನಿಲ್ಲಿಸಬೇಕೆಂದು. ಪ್ರವಾದಿಯವರು ಬೇಡಿದ್ದು ಮಳೆ ನಿಲ್ಲಲಿ ಎಂದಲ್ಲ, ನಮ್ಮ ಮೇಲೆ ಬೇಡ, ಸುತ್ತ ಬೀಳಲಿ ಎಂದು. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿಯೂ ಇದೇ ಇಬ್ಬಗೆಯ ಬೇಡಿಕೆ. ಅಂಗದೇಶಕ್ಕೆ ಮಳೆ ತಂದ ಋಷ್ಯಶೃಂಗನ ಹೆಸರಿನ ದೇವರಿಗೆ ಬರಗಾಲದಲ್ಲಿ ಮಳೆ ಬರಲೆಂದೂ ಅತಿವೃಷ್ಟಿಯಲ್ಲಿ ನಿಲ್ಲಲೆಂದೂ ಪೂಜೆ ಸಲ್ಲುತ್ತದೆ. ಬೇಡುವವನಿಗೆ ತನಗೆಷ್ಟು ಬೇಕೆಂಬುದೇ ಮೊದಲು ತಿಳಿದಿರುವುದಿಲ್ಲ.

ಈ ಅಳತೆ ತಪ್ಪುವುದನ್ನು ಫಹಾಹೀಲ್ 2018ರ ನವೆಂಬರಿನಲ್ಲಿ ನೋಡಿತು. ವರ್ಷಕ್ಕೆಲ್ಲ ಸೇರಿ ಸರಾಸರಿ ನೂರಿಪ್ಪತ್ತು ಮಿಲಿಮೀಟರಿನೊಳಗೆ ಮಳೆ ಕಾಣುವ ದೇಶ ಕುವೈತ್. ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ವಸ್ಮ್ ಕಾಲದಲ್ಲೇ, ಕ್ಯಾಲೆಂಡರ್ ಹೇಳಿದ ಹೊತ್ತಿಗೇ, ಮಳೆ ಬಂತು. ಫಹಾಹೀಲ್, ಮಂಗಾಫ್ ಕಡೆಯ ರಸ್ತೆಗಳು ಹೊಳೆಯಾದವು, ಕಾರುಗಳು ತೇಲಿದವು, ಶಾಲೆ ಕಚೇರಿ ಮುಚ್ಚಿದವು, ಅದೇ ತಿಂಗಳ ಇನ್ನೊಂದು ಮಳೆಗೆ ವಿಮಾನ ನಿಲ್ದಾಣದ ಓಡಾಟವೂ ನಿಂತಿತು. ಹಳಬರಿಗೆ 1934 ನೆನಪಾಗಿರಬೇಕು. ಮಣ್ಣಿನ ಮನೆಗಳು ಕುಸಿದ ಆ ವರ್ಷವನ್ನು ಕುವೈತಿಗಳು ಇಂದಿಗೂ ಕೆಡವಿದ ವರ್ಷ ಎಂದೇ ಗುರುತಿಸುತ್ತಾರೆ. ನಮ್ಮಲ್ಲಿಯೂ ಹೀಗೇ ಆಯಿತು. 2019ರ ಮುಂಗಾರು ತಡವಾದಾಗ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿತು; ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳು ಕೃಷ್ಣೆಯ ಪ್ರವಾಹದಲ್ಲಿದ್ದವು, ಕೊಡಗಿನಲ್ಲಿ ಗುಡ್ಡ ಜರಿದಿತ್ತು. ಹೋಮದಿಂದಲೇ ಪ್ರವಾಹ ಬಂತೆಂಬ ಹಾಸ್ಯ ಆಗ ಹರಿದಾಡಿತ್ತು. ಅದು ನಕ್ಷತ್ರದಿಂದ ಮಳೆ ಬಂತೆನ್ನುವಷ್ಟೇ ದುಡುಕಿನ ತರ್ಕ.

ಕುರ್‌ಆನಿನ ಲುಖ್ಮಾನ್ ಅಧ್ಯಾಯದ ಕೊನೆಯ ವಚನ ದೇವರಿಗೆ ಮಾತ್ರ ತಿಳಿದ ಐದು ಸಂಗತಿಗಳನ್ನು ಹೆಸರಿಸುತ್ತದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮಳೆ ಅವುಗಳಲ್ಲೊಂದು, ಯಾರು ಯಾವ ನೆಲದಲ್ಲಿ ಸಾಯುವರೆಂಬುದು ಇನ್ನೊಂದು. ಏಪ್ರಿಲ್‌ನಿಂದ ಮೇವರೆಗಿನ ಕುವೈತಿನ ‘ಸರಾಯಾತ್’ ಬಿರುಗಾಳಿಮಳೆ ಈ ವಚನಕ್ಕೆ ಒಳ್ಳೆಯ ಉದಾಹರಣೆ. ಅದರ ಕಾಲ ಎಲ್ಲರಿಗೂ ಗೊತ್ತು, ಆದರೆ ಯಾವ ಸಂಜೆ, ಯಾವ ದಿಕ್ಕಿನಿಂದ ಎದ್ದೀತೆಂದು ಹಳೆಯ ನಾವಿಕರು ಹೇಳಲಾರರಾಗಿದ್ದರು. ರೇಡಾರ್ ಬಂದ ಮೇಲೂ ಮುನ್ಸೂಚನೆ ಕೆಲವು ಗಂಟೆಗಳದು. ಆದರೆ ಈ ಐದರಲ್ಲಿ ಚರಂಡಿಯ ಲೆಕ್ಕ ಸೇರಿಲ್ಲ. 2018ರಲ್ಲಿ ಕುವೈತಿನ ಜನ ಮಳೆಯನ್ನು ದೇವರ ಕೃಪೆ ಎಂದರು, ನೀರು ನಿಂತದ್ದಕ್ಕೆ ಸರ್ಕಾರವನ್ನು ಕೇಳಿದರು. ಲೋಕೋಪಯೋಗಿ ಸಚಿವ ಹುಸಾಮ್ ಅಲ್ ರೂಮಿ ನವೆಂಬರ್ 9ರಂದು ರಾಜೀನಾಮೆ ಕೊಟ್ಟರು.