ಕಲ್ಲಿನ ಬರಹ, ಕೇಳುವ ಕಿವಿ: ಸನ್ನತಿಯ ಧರ್ಮಲಿಪಿಗಳಲ್ಲಿ ಸಂವಹನದ ಕಲ್ಪನೆ

ಸಂವಹನದ ಮೂಲಾಂಶಗಳನ್ನು ಕುರಿತ ಚರ್ಚೆಯಲ್ಲಿ ರೋಮನ್ ಯಾಕಬ್ಸನ್ 1960ರಲ್ಲಿ ಮಂಡಿಸಿದ ಮಾದರಿ ಸುಪರಿಚಿತ. ಹೇಳುವವನು, ಕೇಳುವವನು, ಸಂದೇಶ, ಸಂದರ್ಭ, ಸಂಪರ್ಕ, ಸಂಕೇತವ್ಯವಸ್ಥೆ ಎಂಬ ಆರೂ ಕೂಡಿದಾಗ ಮಾತು ಮಾತಾಗುತ್ತದೆ. ಶಾಸನಗಳ ಅಧ್ಯಯನದಲ್ಲಿ ಮಾತ್ರ ಗಮನವು ಸಂದೇಶವೊಂದರ ಮೇಲೆಯೇ ನಿಲ್ಲುವುದುಂಟು. ಸನ್ನತಿಯ ಅಶೋಕ ಶಾಸನವನ್ನು ಹಾಗೆ ಓದಿದರೆ ಅದರ ಮುಖ್ಯ ಸಂಗತಿಯೇ ಕೈತಪ್ಪುತ್ತದೆ ಎಂಬುದು ನಮ್ಮ ವಾದ. ಬರಹವು ತಾನಾಗಿಯೇ ಸಂವಹನವಲ್ಲ, ಸಂವಹನಕ್ಕೆ ಒಂದು ನಿಮಿತ್ತ ಮಾತ್ರ ಎಂಬ ತಿಳಿವಳಿಕೆ ಈ ಶಾಸನದಲ್ಲಿಯೇ ಇದೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಇದೆ. 1980ರ ದಶಕದ ಉತ್ತರಾರ್ಧದಲ್ಲಿ ಇಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಛಾವಣಿ ಕುಸಿದ ಬಳಿಕ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಬ್ರಾಹ್ಮೀ ಬರಹ ಕಂಡಿತು. ಒಂದು ಮುಖದಲ್ಲಿ 12 ಮತ್ತು 14ನೆಯ ಪ್ರಧಾನ ಶಿಲಾಶಾಸನಗಳ ಭಾಗಗಳಿವೆ. ಮತ್ತೊಂದರಲ್ಲಿ ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಿಂದ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳಿವೆ. ಕೆ. ಆರ್. ನಾರ್ಮನ್ 1991ರಲ್ಲಿ ಈ ಪಾಠಗಳನ್ನು ವಿವೇಚಿಸಿದರು. ಚಪ್ಪಡಿ ತ್ರುಟಿತವಾಗಿರುವುದರಿಂದ ಲೋಪವಾದ ಭಾಗಗಳನ್ನು ಇತರ ಸ್ಥಳಗಳ ಸಮಾನ ಪಾಠಗಳ ನೆರವಿನಿಂದ ಗ್ರಹಿಸಬೇಕಾಗುತ್ತದೆ. ಮುಂದಿನ ವಿವೇಚನೆಯೂ ಅದನ್ನೇ ಆಧರಿಸಿದೆ.

ಹೀಗೆ ಉಳಿದ ನಾಲ್ಕು ಪಾಠಗಳೂ ಸಂವಹನವನ್ನು ಕುರಿತೇ ಮಾತನಾಡುತ್ತವೆ. 14ನೆಯ ಶಾಸನ ಧರ್ಮಲಿಪಿಗಳ ಬಗೆಗಿನ ಧರ್ಮಲಿಪಿ. ಬರಹಗಳು ಸಂಕ್ಷಿಪ್ತ, ಮಧ್ಯಮ, ವಿಸ್ತೃತ ಎಂದು ಮೂರು ಬಗೆಯಾಗಿವೆ, ಎಲ್ಲವೂ ಎಲ್ಲೆಡೆಗೂ ಹೊಂದುವುದಿಲ್ಲ ಎಂದು ಅದು ತಿಳಿಸುತ್ತದೆ. ಕೆಲವು ಮಾತುಗಳ ಪುನರುಕ್ತಿಗೆ ವಿಷಯದ ಮಾಧುರ್ಯವೇ ಕಾರಣ; ಜನ ಅದರಂತೆ ನಡೆಯಲಿ ಎಂಬುದೇ ಉದ್ದೇಶ. ಎಲ್ಲಿಯಾದರೂ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳದ ಕಾರಣವೋ ಲಿಪಿಕಾರನ ಅಪರಾಧವೋ ಇರಬಹುದು. ಸಂದೇಶವು ದಾರಿಯಲ್ಲಿ ಸವೆಯಬಹುದೆಂಬುದನ್ನು ಕಳುಹಿಸಿದವನೇ ಇಲ್ಲಿ ಒಪ್ಪಿಕೊಂಡಿದ್ದಾನೆ.

ಪ್ರತ್ಯೇಕ ಶಾಸನಗಳ ಗಮನ ಗ್ರಹಿಕೆಯ ಕಡೆಗಿದೆ. ಮೊದಲನೆಯದು ಮಹಾಮಾತ್ರರನ್ನು ಉದ್ದೇಶಿಸಿ, ರಾಜನ ಆಶಯ ಎಲ್ಲಿಯವರೆಗೆ ಹೋಗುತ್ತದೆಂಬುದು ನಿಮಗೆ ತಿಳಿದಿಲ್ಲ ಎನ್ನುತ್ತದೆ. ಯಾರೋ ಒಬ್ಬ ಅರಿತರೂ ಒಂದು ಭಾಗವನ್ನು ಅರಿಯುತ್ತಾನೆಯೇ ಹೊರತು ಸಮಗ್ರವನ್ನಲ್ಲ. ಇದಕ್ಕೆ ಸೂಚಿಸಿದ ಪರಿಹಾರ ಇನ್ನಷ್ಟು ಬರಹವಲ್ಲ, ಮತ್ತೆ ಮತ್ತೆ ಕೇಳಿಸುವುದು. ತಿಷ್ಯ ನಕ್ಷತ್ರದ ದಿನಗಳಂದು ಈ ಲಿಪಿಯನ್ನು ಕೇಳಬೇಕು. ನಡುವೆಯೂ ಸಂದರ್ಭ ಒದಗಿದಾಗ ಒಬ್ಬನೇ ಆದರೂ ಕೇಳಬೇಕು. ಇಲ್ಲಿ ವಿಧಿಸಿರುವ ಕ್ರಿಯೆ ಕೇಳುವುದು, ಓದುವುದಲ್ಲ. ಕಲ್ಲು ಧ್ವನಿಯನ್ನು ಕಾದಿರಿಸುವ ಸ್ಥಳ. ಧ್ವನಿ ಕೊಡುವವನು ಬೇರೆ.

12ನೆಯ ಶಾಸನ ಕೇಳುವಿಕೆಯನ್ನು ಪರಸ್ಪರವಾಗಿಸುತ್ತದೆ. ಅದರ ತಿರುಳು ವಾಕ್‌ಸಂಯಮ: ಸಕಾರಣವಿಲ್ಲದೆ ಸ್ವಪಕ್ಷವನ್ನು ಹೊಗಳದಿರುವುದು, ಪರಪಕ್ಷವನ್ನು ತೆಗಳದಿರುವುದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಬಯಸಲೂ ಬೇಕು. ಆಜ್ಞೆಯ ಮಾತು ಮೇಲಿನಿಂದ ಕೆಳಗಿಳಿದರೆ ಈ ಮಾತು ಸಮಾನರ ನಡುವೆ ಹರಿಯುತ್ತದೆ.

ಸಂಪರ್ಕದ ಸರಪಣಿ ಹೇಗಿತ್ತೆಂಬುದಕ್ಕೆ ಕರ್ನಾಟಕದಲ್ಲಿಯೇ ಬೇರೊಂದು ಸಾಕ್ಷ್ಯವಿದೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ, ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿದ ಬಳಿಕವೇ ಆಜ್ಞೆ ಆರಂಭವಾಗುತ್ತದೆ. ಕುಶಲಪ್ರಶ್ನೆಯ ಕೆಲಸ ಮಾಹಿತಿ ಕೊಡುವುದಲ್ಲ, ಸಂಬಂಧದ ಬಾಗಿಲು ತೆರೆಯುವುದು. ಅದೇ ಶಾಸನವನ್ನು ಬರೆದ ಚಪಡನು ಲಿಪಿಕಾರನೆಂಬ ತನ್ನ ವೃತ್ತಿಯನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ನಮೂದಿಸಿದ್ದಾನೆ. ಸಂದೇಶದ ಜೊತೆಗೆ ಅದನ್ನು ಹೊತ್ತವನ ಗುರುತೂ ಉಳಿದುಬಂದಿದೆ.

ಇನ್ನು ಸಂಕೇತವ್ಯವಸ್ಥೆ. ಸನ್ನತಿಯ ಅಶೋಕ ಪಾಠ ಧೌಲಿ, ಜೌಗಡಗಳಂತೆ ಪೂರ್ವದ ಪ್ರಾಕೃತಕ್ಕೆ ಸೇರಿದ್ದು. ರಕಾರದ ಸ್ಥಾನದಲ್ಲಿ ಲಕಾರ, ಅಕಾರಾಂತ ಪುಲ್ಲಿಂಗದ ಪ್ರಥಮಾ ಏಕವಚನದಲ್ಲಿ ಏಕಾರ ಈ ಪ್ರಭೇದದ ಲಕ್ಷಣಗಳು. ಸನ್ನತಿಗೆ ಹೊಂದಿಕೊಂಡಿರುವ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ನಡೆಸಿದ ಉತ್ಖನನದಿಂದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅಲ್ಲಿ ಅಶೋಕನ ಉಬ್ಬುಶಿಲ್ಪದ ಜೊತೆಗಿರುವ ಬ್ರಾಹ್ಮೀ ಬರಹವನ್ನು ‘ರಾಯಾ ಅಸೋಕೋ’ ಎಂದು ಓದಲಾಗಿದೆ. ಪೂರ್ವದ ರೂಢಿಯಲ್ಲಿ ‘ಲಾಜಾ ಅಸೋಕೇ’ ಎಂದಾಗಬೇಕಿದ್ದುದು ಇಲ್ಲಿ ರಕಾರ, ಓಕಾರಗಳನ್ನು ಪಡೆದಿದೆ. ರಾಜಧಾನಿಯ ನುಡಿಯಲ್ಲಿ ಬಂದ ದೊರೆಯನ್ನು ಶತಮಾನಗಳ ಬಳಿಕ ದಖ್ಖನ್ನಿನ ಶಿಲ್ಪಿಗಳು ದಖ್ಖನ್ನಿನ ಪ್ರಾಕೃತದಲ್ಲಿ ನೆನೆದಿದ್ದಾರೆ. ಕನ್ನಡದ ಹಲ್ಮಿಡಿ ಶಾಸನಕ್ಕೆ ಇನ್ನೂ ಶತಮಾನಗಳಿದ್ದವು.

ಕನ್ನಡದ ‘ಕೇಳು’ ಧಾತು ಈ ಇಡೀ ವ್ಯವಹಾರವನ್ನು ಒಂದೇ ಪದದಲ್ಲಿ ಹಿಡಿಯುತ್ತದೆ. ಕಿವಿಗೊಡುವುದು, ಪ್ರಶ್ನಿಸುವುದು, ಹೇಳಿದಂತೆ ನಡೆಯುವುದು ಎಂಬ ಮೂರೂ ಅರ್ಥಗಳು ಅದಕ್ಕುಂಟು. ಪ್ರತ್ಯೇಕ ಶಾಸನಗಳು ಮೊದಲನೆಯದನ್ನು ವಿಧಿಸಿ ಮೂರನೆಯದನ್ನು ನಿರೀಕ್ಷಿಸುತ್ತವೆ. ಒಂದು ಭಾಗವನ್ನಷ್ಟೇ ಅರಿತವನಿಗೆ ಎರಡನೆಯದು ಅನಿವಾರ್ಯ, ಆದರೆ ಕಲ್ಲನ್ನು ಪ್ರಶ್ನಿಸಲಾಗದು. ಬರಹದ ಪಕ್ಕದಲ್ಲಿ ಓದಿ ಹೇಳುವವನೊಬ್ಬ ಇರಬೇಕಾದುದು ಇದಕ್ಕಾಗಿಯೇ.

ಆ ಸರಪಣಿ ಕಡಿದಾಗ ಏನಾಗುತ್ತದೆಂಬುದಕ್ಕೂ ಸನ್ನತಿಯೇ ನಿದರ್ಶನ. ಮೂರ್ತಿಯನ್ನು ನಿಲ್ಲಿಸಲು ಚಪ್ಪಡಿಯ ನಡುವೆ ಕೊರೆದ ಕುಳಿಯಲ್ಲಿ ಅಕ್ಷರಗಳೂ ಹೋದವು. ಕೊರೆದವರಿಗೆ ಅದು ಗಟ್ಟಿಯಾದ ಒಳ್ಳೆಯ ಕಲ್ಲು. ಅದು ಬರಹವಾಗಿ ಬಹುಕಾಲದ ಹಿಂದೆಯೇ ಮೌನವಾಗಿತ್ತು. ಲಿಪಿ ಉಳಿದರೆ ಸಂದೇಶ ಉಳಿಯಿತೆಂದು ಭಾವಿಸುವ ಪ್ರತಿಯೊಂದು ದಾಖಲೀಕರಣವೂ, ಇಂದು ಅಳಿವಿನಂಚಿನ ನುಡಿಗಳನ್ನು ಧ್ವನಿಮುದ್ರಿಸುವ ಕಾರ್ಯವೂ ಸೇರಿದಂತೆ, ಈ ಚಪ್ಪಡಿಯನ್ನು ಪರಿಗಣಿಸಬೇಕು. ತಿಷ್ಯದ ದಿನ ಬಂದಾಗ ಓದಿ ಹೇಳುವವರೂ ಕೇಳುವವರೂ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಸಂಗ್ರಹವು ಪೀಠವಾಗಲು ತಡವಾಗುವುದಿಲ್ಲ.